ಬೆಲ್ಟು ತಾಗುವ ಜಾಗ

ಮಾರ್ಚ್ ೪, ಸೋಮವಾರ

ಇವತ್ತು ಮೂರು ಜನ ನನ್ನನ್ನು ಕೊಲ್ಲಲು ನೋಡಿದರು. ಬೆಳಿಗ್ಗೆ ಪೆನ್ಷನ್ ಮೇಷ್ಟ್ರು ಎಡಕ್ಕೆ ದೀಪ ಹಾಕಿ ಬಲಕ್ಕೆ ತಿರುಗಿಸಿದರು. ಕೇಳಿದರೆ "ಮನಸ್ಸು ಬದಲಾಯ್ತು" ಅಂದರು. ಮಧ್ಯಾಹ್ನ ಹಲ್ಲಿನ ಡಾಕ್ಟರು. ಗೇರ್ ಹಾಕಿ ಅಂದರೆ ದವಡೆ ಹಲ್ಲು ಕೀಳುವವರ ಹಾಗೆ ಕಾಲೂರಿ ಎಳೆಯುತ್ತಾರೆ. ಸಂಜೆ ಲೈಬ್ರರಿಯವಳು. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ, ಇಂಥ ವಿದ್ಯಾರ್ಥಿನಿ ಸಿಕ್ಕಿರಲಿಲ್ಲ. ನಲವತ್ತು ದಾಟಿದ ಹೆಂಗಸು, ಪಿಸುಮಾತಿನಲ್ಲೇ ಮಾತಾಡುತ್ತಾಳೆ, ಗಾಡಿಯನ್ನೂ ಹಾಗೇ ಓಡಿಸುತ್ತಾಳೆ. ಹಾರ್ನ್ ಒತ್ತು ಅಂದರೆ "ಅವರಿಗೆ ಬೇಜಾರಾಗಲ್ವಾ ಸರ್?" ಅನ್ನುತ್ತಾಳೆ. ಊರೂರಿಗೆ ಪುಸ್ತಕ ಒಯ್ಯುವ ವ್ಯಾನಿನ ಕೆಲಸ ಇವಳಿಗೆ ಸಿಗಲಿದೆಯಂತೆ. ಏಪ್ರಿಲ್ ಮುಗಿಯುವುದರೊಳಗೆ ಲೈಸೆನ್ಸ್ ತೋರಿಸಬೇಕಂತೆ. ಆ ಪುಸ್ತಕಗಳ ಗತಿ ದೇವರೇ ಬಲ್ಲ.

ಮೂವರಿಗೂ ಗಂಟಲು ಹರಿಯುವಷ್ಟು ಕೂಗಿದೆ. ಮನೆಗೆ ಬಂದರೆ ಹೆಂಡತಿ "ಏನ್ರೀ, ದನಿ ಬಿದ್ದುಹೋಗಿದೆ?" ಅಂದಳು. ಅವಳು ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಾಲು ಹಿಡಿದು ಬಂದಿರುತ್ತಾಳೆ, ಅವಳ ದನಿ ಮಾತ್ರ ಬೀಳುವುದಿಲ್ಲ.

ಇನ್ನೊಂದು ವಿಷಯ. ಸೀಟ್ ಬೆಲ್ಟು ತಾಗುವ ಕಡೆ, ಎಡ ಎದೆಯ ತೊಟ್ಟಿನ ಹಿಂದೆ, ಕಾಳಿನಷ್ಟು ಗಟ್ಟಿಯಾದದ್ದು ಒಂದಿದೆ. ಜನವರಿಯಲ್ಲಿ ಸೋಪು ಹಚ್ಚುವಾಗ ಕೈಗೆ ಸಿಕ್ಕಿತು. ನೋವಿಲ್ಲ. ನೋವೇ ಇಲ್ಲದ ಮೇಲೆ ಅದರ ಗೊಡವೆ ಯಾಕೆ?

ಮಾರ್ಚ್ ೯, ಶನಿವಾರ

ಬೆಲ್ಟು ಅದರ ಮೇಲೆಯೇ ಉಜ್ಜುತ್ತದೆ. ನೋವಲ್ಲ, ಆದರೆ ಪ್ರತಿ ಸಲ ಕಾರು ನಿಂತಾಗ ಅದು ಅಲ್ಲಿದೆ ಎಂದು ನೆನಪಾಗುತ್ತದೆ. ನೆನಪಾಗುವುದೇ ನನಗೆ ಬೇಡ. ಅದಕ್ಕೆ ನಮ್ಮ ಕಸುಬಿನವರ ಹಳೆಯ ಉಪಾಯ ಮಾಡಿದೆ. ಬೆಲ್ಟನ್ನು ಬೆನ್ನ ಹಿಂದಿನಿಂದ ತಂದು ಕೊಕ್ಕೆಗೆ ಸಿಕ್ಕಿಸಿ ಅದಕ್ಕೆ ಒರಗಿ ಕುಳಿತೆ. ಬೆಲ್ಟು ಹಾಕಿಲ್ಲ ಎಂದು ಕಾರು ಕುಂಯ್ ಕುಂಯ್ ಅನ್ನುವುದಿಲ್ಲ, ಎದೆಗೂ ಏನೂ ತಾಗುವುದಿಲ್ಲ. ಕಲಿಯಲು ಬಂದವರು ಯಾರಾದರೂ ಹೀಗೆ ಮಾಡಿದ್ದರೆ ಕುತ್ತಿಗೆ ಹಿಡಿದು ಕೆಳಗಿಳಿಸುತ್ತಿದ್ದೆ. ನನ್ನ ಮಾತು ಬೇರೆ. ನನ್ನ ಕಾಲ ಬಳಿ ನನ್ನದೇ ಬ್ರೇಕ್ ಇದೆ.

ಸಂಜೆ ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡೆ. ಎಡಗಡೆಯ ತೊಟ್ಟು ಬಲಗಡೆಯದರಂತಿಲ್ಲ, ಸ್ವಲ್ಪ ಒಳಕ್ಕೆ ಎಳೆದುಕೊಂಡ ಹಾಗಿದೆ. ಮೊದಲೂ ಹೀಗೇ ಇತ್ತೇ? ಐವತ್ತಮೂರು ವರ್ಷದಲ್ಲಿ ಒಂದು ಸಲವಾದರೂ ನೋಡಿಕೊಂಡಿದ್ದರೆ ತಾನೇ ಗೊತ್ತಾಗುವುದು. ಹೆಂಡತಿ ಬಾಗಿಲು ತಟ್ಟಿ "ಒಳಗೇ ಮನೆ ಮಾಡಿಬಿಟ್ರಾ?" ಅಂದಳು. ಬನಿಯನ್ ಎಳೆದುಕೊಂಡು ಹೊರಗೆ ಬಂದೆ.

ಇದು ಹೆಂಗಸರಿಗೆ ಬರುವಂಥದ್ದು. ಯಾರ ಮುಂದೆ ಹೋಗಿ ಏನೆಂದು ಹೇಳಲಿ?

ಮಾರ್ಚ್ ೧೩, ಬುಧವಾರ

ಉಸಿರು ಎಳೆದರೆ ನೋವು. ಕುಳಿತು ಬರೆಯುವುದೂ ಕಷ್ಟ, ಆದರೂ ಬರೆಯುತ್ತೇನೆ.

ಸಂಜೆ ಐದಕ್ಕೆ ಲೈಬ್ರರಿಯವಳ ಪಾಠ. ಆಸ್ಪತ್ರೆಯ ಹಿಂದಿನ ನೇರ ರಸ್ತೆ, ಹೆಚ್ಚು ಗಾಡಿಗಳಿಲ್ಲ. ಪರವಾಗಿಲ್ಲ, ಚೆನ್ನಾಗಿಯೇ ಓಡಿಸುತ್ತಿದ್ದಳು. ನಾನು ರಸ್ತೆ ನೋಡುತ್ತಿರಲಿಲ್ಲ. ನನ್ನ ಕೈ ಅಂಗಿಯೊಳಗಿತ್ತು. ದಿನಕ್ಕೆ ಹತ್ತಿಪ್ಪತ್ತು ಸಲ ಮುಟ್ಟಿ ನೋಡುವ ಚಟ ಹತ್ತಿಬಿಟ್ಟಿದೆ. ಎಲ್ಲಿಂದಲೋ ಒಂದು ನಾಯಿ ಅಡ್ಡ ಬಂತು, ಅವಳು ಬ್ರೇಕ್ ತುಳಿದಳು. ಈ ಸಲ ಪಿಸುಮಾತಲ್ಲ. ಬೆಲ್ಟು ಬೆನ್ನ ಹಿಂದಿತ್ತಲ್ಲ, ನಾನು ಮುಂದಕ್ಕೆ ಎಗರಿ ಎಡ ಎದೆ ಡ್ಯಾಶ್‌ಬೋರ್ಡಿನ ಅಂಚಿಗೆ ಬಡಿಯಿತು. ಕಣ್ಣು ಕತ್ತಲೆ ಬಂತು.

ನಾಯಿ ಬಾಲ ಅಲ್ಲಾಡಿಸಿಕೊಂಡು ಹೋಯಿತು. ನಾನು ಉಸಿರು ತಿರುಗಿದ ಕೂಡಲೇ ಬಾಯಿಗೆ ಬಂದಂತೆ ಬೈದೆ. "ಗಾಡಿ ನಿಲ್ಲಿಸೋದು ಹೀಗೇನಮ್ಮಾ? ನನ್ನ ಜೀವ ತೆಗೆಯೋಕೆ ಬಂದಿದ್ದೀಯಾ? ನಿನ್ನಂಥವರಿಗೆ ಲೈಸೆನ್ಸ್ ಕೊಟ್ರೆ ರಸ್ತೇಲಿ ಜನ ಉಳೀತಾರಾ?" ಅವಳು ಸ್ಟೇರಿಂಗ್ ಹಿಡಿದುಕೊಂಡೇ ಸದ್ದಿಲ್ಲದೆ ಅತ್ತಳು. ವಾಪಸ್ ನಾನೇ ಓಡಿಸಿಕೊಂಡು ಬಂದೆ.

ಮಾರ್ಚ್ ೧೪, ಗುರುವಾರ

ಎದೆ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಹೆಂಡತಿ ಬಲವಂತವಾಗಿ ಬೀದಿ ಕೊನೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮುಟ್ಟುತ್ತಿದ್ದಂತೆ ನಾನು ಹಾರಿ ಬಿದ್ದೆ.

"ಇಲ್ಲಿ ಒಳಗೆ ಗಟ್ಟಿ ಇದೆ. ಏಟು ಬೀಳೋಕೆ ಮುಂಚೇನೂ ಇತ್ತಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಕೇಳುವುದನ್ನೇ ಕಾದುಕೊಂಡು ನಾಲಿಗೆಯ ತುದಿಯಲ್ಲಿ ಕುಳಿತಿತ್ತೇನೋ.

"ಸರಿ. ರಕ್ತ ಹೆಪ್ಪುಗಟ್ಟಿದ್ರೂ ಹೀಗಾಗತ್ತೆ. ಈಗ ಬಾವು ಜಾಸ್ತಿ ಇದೆ, ಒತ್ತಿ ನೋಡೋಕೆ ಆಗಲ್ಲ. ಮೂರು ವಾರ ಬಿಟ್ಟು ಬನ್ನಿ. ಅಷ್ಟರಲ್ಲಿ ಕರಗಬೇಕು. ಕರಗದೇ ಇದ್ರೆ, ಅಥವಾ ಕಂಕುಳಲ್ಲಿ ಗಂಟು ಸಿಕ್ರೆ, ತೊಟ್ಟಿಂದ ನೀರೋ ರಕ್ತವೋ ಬಂದ್ರೆ ಅಲ್ಲೀವರೆಗೂ ಕಾಯಬೇಡಿ," ಎಂದು ನೋವಿನ ಮಾತ್ರೆ ಬರೆದುಕೊಟ್ಟರು.

ಹೊರಗೆ ಬಂದಾಗ ಎದೆ ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಡಾಕ್ಟರೇ ಹೇಳಿದ ಮೇಲೆ ಇನ್ನೇನು. ಏಟು ಬಿತ್ತು, ಗಂಟಾಯಿತು, ಕರಗುತ್ತದೆ.

ಮಾರ್ಚ್ ೧೬, ಶನಿವಾರ

ಲೈಬ್ರರಿಯವಳ ಬ್ರೇಕಿನ ಕತೆಯನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದೆ. ಪೆನ್ಷನ್ ಮೇಷ್ಟ್ರಿಗೆ ಬಹಳ ಖುಷಿ, ತಾನೊಬ್ಬನೇ ದಡ್ಡನಲ್ಲ ಎಂದು. ಗೋಡೌನಿನಲ್ಲಿ ಪೆಟ್ಟಿಗೆ ಹೊರುವ ನನ್ನ ತಮ್ಮನಿಗೂ ಫೋನ್ ಮಾಡಿ ಹೇಳಿದೆ. ಏಟು ಬಿದ್ದರೆ ಎದೆಯಲ್ಲಿ ಗಂಟಾಗುತ್ತದಂತೆ, ತಾನೇ ಕರಗುತ್ತದಂತೆ ಎಂದು ಡಾಕ್ಟರ ಗತ್ತಿನಲ್ಲೇ ವಿವರಿಸಿದೆ. ಎಷ್ಟು ಜನಕ್ಕೆ ಹೇಳುತ್ತೇನೋ ಅಷ್ಟೂ ನಿಜವಾಗುತ್ತಿದೆ. ಜನವರಿಯ ವಿಷಯ ನನಗೇ ಈಗ ಸರಿಯಾಗಿ ನೆನಪಿಲ್ಲ.

ಮಾರ್ಚ್ ೨೭, ಬುಧವಾರ

ನೀಲಿ ಹಳದಿಯಾಗಿ, ಹಳದಿ ಮಾಯವಾಯಿತು. ಅದು ಇದೆ.

ಅಂಗಿ ತೊಡುವಾಗ ಕಂಕುಳಿಗೆ ಕೈ ಹೋಯಿತು. ಅಲ್ಲೂ ಏನೋ ಇದೆ, ಬಟಾಣಿಯಷ್ಟು.

ಏಪ್ರಿಲ್ ೧, ಸೋಮವಾರ

ಲೈಬ್ರರಿಯವಳು ಅಂದಿನಿಂದ ಬಂದಿಲ್ಲ. ಆಫೀಸಿನಲ್ಲಿ ಕೇಳಿದರೆ "ನೀವು ಬೈದಿದ್ದಕ್ಕೆ ಹೆದರಿರಬೇಕು" ಅಂದರು. ಹೆದರಿಕೊಳ್ಳಲಿ. ನಾನು ಬೈದವರೆಲ್ಲ ಬಿಟ್ಟುಹೋಗಿದ್ದರೆ ಈ ಊರಿನಲ್ಲಿ ಯಾರಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲ.

ಹಲ್ಲಿನ ಡಾಕ್ಟರು ಗೇರ್ ಎಳೆದಾಗ ನಾನು ಸುಮ್ಮನೆ ಕಿಟಕಿ ನೋಡುತ್ತಿದ್ದೆನಂತೆ. "ಹುಷಾರಿಲ್ವಾ? ಇವತ್ತು ಬೈಲೇ ಇಲ್ಲ," ಎಂದು ಅವರೇ ಕೇಳಿದರು. ಬಿಸಿಲು ಜೋರಾಗಿತ್ತು, ಅದಕ್ಕಿರಬೇಕು.

ಮೂರು ವಾರಕ್ಕೆ ಇನ್ನು ಮೂರು ದಿನ. ಹೆಂಡತಿ ಕೇಳಿದಳು. ಕರಗುತ್ತಾ ಇದೆ ಎಂದೆ.

ಏಪ್ರಿಲ್ ೫, ಶುಕ್ರವಾರ

ಇವತ್ತು ಸಂಜೆ ಬಾಗಿಲು ತಟ್ಟಿದ ಸದ್ದು ಎಷ್ಟು ಮೆತ್ತಗಿತ್ತೆಂದರೆ ಎರಡನೆಯ ಸಲಕ್ಕೆ ಕೇಳಿಸಿತು. ಲೈಬ್ರರಿಯವಳು. ಕೈಯಲ್ಲಿ ಹಣ್ಣಿನ ಚೀಲ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು "ನೋವು ಕಮ್ಮಿ ಆಯ್ತಾ ಸರ್?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು.

"ನೋವು ಹೋಯ್ತಮ್ಮ, ಒಳಗೆ ಗಂಟು ಉಳ್ಕೊಂಡಿದೆ. ಕರಗ್ತಾ ಇದೆ ಅಂತಾರೆ, ಮುಟ್ಟೋಕೆ ಬಿಡಲ್ಲ. ಡಾಕ್ಟರ ಹತ್ರ ನಿನ್ನೇನೇ ಹೋಗಬೇಕಿತ್ತು, ಅದಕ್ಕೂ ಏನೋ ನೆಪ."

ಅಷ್ಟೇ ಸಾಕಾಯಿತು. ಲೈಬ್ರರಿಯವಳು ಕುಳಿತಲ್ಲೇ ಕುಗ್ಗಿಹೋದಳು. ತನಗೆ ಮೂರು ವಾರದಿಂದ ನಿದ್ದೆ ಇಲ್ಲ, ನನ್ನ ಎದೆ ಡ್ಯಾಶ್‌ಬೋರ್ಡಿಗೆ ಬಡಿದ ಸದ್ದು ಕಿವಿಯಲ್ಲೇ ಇದೆ ಎಂದಳು. "ಆ ವ್ಯಾನಿನ ಕೆಲಸ ಬೇಡ ಅಂತ ನಾಳೆ ಹೇಳಿಬಿಡ್ತೀನಿ ಸರ್. ಪುಸ್ತಕ ಜೋಡಿಸ್ಕೊಂಡು ಇದ್ದಲ್ಲೇ ಇರ್ತೀನಿ. ನಿಮ್ಮಂಥ ಅನುಭವಸ್ಥರಿಗೇ ಹೀಗೆ ಮಾಡಿದೋಳು ನಾಳೆ ಯಾವುದಾದ್ರೂ ಮಗೂಗೆ ಏನಾದ್ರೂ ಮಾಡಿದ್ರೆ? ನಾನಿನ್ನು ಸ್ಟೇರಿಂಗ್ ಮುಟ್ಟಲ್ಲ."

ಸುಮ್ಮನಿರಬಹುದಿತ್ತು. ಹಣ್ಣು ತಿಂದು, ಏನೂ ಆಗಲ್ಲ ಹೋಗಮ್ಮ ಎಂದು ಕಳಿಸಬಹುದಿತ್ತು. ಸುಮ್ಮನಿರಲು ಬಹಳ ಆಸೆಯೂ ಆಯಿತು. ಆದರೆ ಆ ಹೆಂಗಸು ನನ್ನ ಗಂಟನ್ನು ತನ್ನ ಮೈಮೇಲೆ ಹೊತ್ತುಕೊಂಡು ಕುಳಿತಿದ್ದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಅದು ನಿಮ್ಮಿಂದ ಬಂದಿದ್ದಲ್ಲ. ಮೊದಲೇ ಇತ್ತು," ಎಂದೆ.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ."

"ಸಮಾಧಾನ ಮಾಡೋ ಆಸಾಮಿ ನಾನಲ್ಲ ಅಂತ ನಿಮಗೇ ಗೊತ್ತಲ್ಲ. ಜನವರಿಯಿಂದ ಇದೆ. ಬೆಲ್ಟು ಅದಕ್ಕೆ ತಾಗತ್ತೆ ಅಂತ ಬೆನ್ನ ಹಿಂದೆ ಹಾಕ್ಕೊಂಡು ಕೂತಿದ್ದೆ. ಬೆಲ್ಟು ಎದೆ ಮೇಲಿದ್ದಿದ್ರೆ ನಂಗೆ ಏನೂ ಆಗ್ತಿರಲಿಲ್ಲ. ನೀವು ಬ್ರೇಕ್ ಹಾಕಿದ್ದು ಸರಿಯಾಗೇ ಇತ್ತು. ನಾಯಿ ಬದುಕ್ತು. ನಾನಾಗಿದ್ರೂ ಹಾಗೇ ಹಾಕ್ತಿದ್ದೆ."

ಲೈಬ್ರರಿಯವರು ನನ್ನ ಮುಖವನ್ನೇ ನೋಡಿದರು. ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತುಹೋಗಿತ್ತು. ಹೆಂಡತಿ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಜನವರಿಯಿಂದ?" ಎಂದಳು.

ಲೈಬ್ರರಿಯವರು ಟೀ ಮುಟ್ಟದೆ ಎದ್ದರು. ಹೋಗುವಾಗ "ಸೋಮವಾರ ಬರ್ತೀನಿ ಸರ್, ನೀವು ಮೊದಲು ತೋರಿಸಿಕೊಂಡು ಬನ್ನಿ," ಎಂದರು. ಪಿಸುಮಾತಿರಲಿಲ್ಲ.

ಬಾಗಿಲು ಹಾಕಿ ಬಂದ ಹೆಂಡತಿ "ಅಂಗಿ ಬಿಚ್ಚಿ" ಎಂದಳು. ಬಿಚ್ಚಿದೆ. ದಿನಾ ಎಷ್ಟೋ ಜನರ ಪಾದ ಒತ್ತಿ ಅಳತೆ ನೋಡುವ ಕೈ ಅವಳದು. ತೊಟ್ಟಿನ ಹಿಂದೆ ಒತ್ತಿದಳು, ಅದು ಜರುಗಲಿಲ್ಲ. ಆಮೇಲೆ ನಾನು ಹೇಳದಿದ್ದರೂ ಕಂಕುಳಿಗೆ ಕೈ ಹಾಕಿದಳು. "ಇಲ್ಲೂ ಇದೆಯಲ್ರೀ," ಎಂದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ನಂಗೆ ಬಂದಿದ್ರೆ ಏನ್ಮಾಡ್ತಿದ್ರಿ?"

"ಅವತ್ತೇ ಎಳ್ಕೊಂಡು ಹೋಗ್ತಿದ್ದೆ."

"ಮತ್ತೆ?"

ಅಂಗಿ ತೊಟ್ಟು ಗುಂಡಿ ಹಾಕಿಕೊಂಡೆ. ನನಗೆ ಹೆದರಿಕೆಯಾಗಿದೆ. ಜನವರಿಯಿಂದಲೂ ಆಗಿತ್ತು. ಹೆದರಿಕೆ ಎಂದು ಇವತ್ತು ಬರೆಯುತ್ತಿದ್ದೇನೆ.

ಏಪ್ರಿಲ್ ೬, ಶನಿವಾರ

ಕ್ಲಿನಿಕ್ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕುಳಿತೆವು. ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ, ಸುಳ್ಳನ್ನೂ ಸೇರಿಸಿ. ಅವರು ಪೆನ್ನು ಕೆಳಗಿಟ್ಟರು.

"ಅವತ್ತೇ ಹೇಳಿದ್ರೆ ಅವತ್ತೇ ಪರೀಕ್ಷೆಗೆ ಕಳಿಸ್ತಿದ್ದೆ."

"ಗಂಡಸರಿಗೆ ಬರತ್ತಾ ಇದು?"

"ಎದೆ ಇರೋರಿಗೆಲ್ಲ ಬರಬಹುದು. ಗಂಡಸರಿಗೆ ಅಪರೂಪ, ಅದಕ್ಕೇ ತಡವಾಗಿ ತೋರಿಸ್ತಾರೆ. ನೋಡಿ, ಎದೇಲಿ ಕಂಕುಳಲ್ಲಿ ಸಿಕ್ಕೋ ಗಂಟುಗಳಲ್ಲಿ ಹೆಚ್ಚಿನವು ಏನೂ ಅಲ್ಲ. ನೀರುಗುಳ್ಳೆ, ಕೊಬ್ಬು, ಕೈಗೆ ಗಾಯವಾಗಿ ಊದಿದ ಗ್ರಂಥಿ, ಏನು ಬೇಕಾದ್ರೂ ಇರಬಹುದು. ಆದ್ರೆ ಯಾವುದು ಯಾವುದು ಅಂತ ನಿಮ್ಮ ಬೆರಳಿಗೆ ಗೊತ್ತಾಗಲ್ಲ, ನನ್ನ ಬೆರಳಿಗೂ ಗೊತ್ತಾಗಲ್ಲ. ನೋವಿಲ್ಲ ಅಂತ ಧೈರ್ಯವಾಗಿ ಕೂರೋ ಹಾಗೂ ಇಲ್ಲ. ನಿಮ್ಮದು ಗಟ್ಟಿ ಇದೆ, ಜರುಗಲ್ಲ, ತೊಟ್ಟು ಒಳಗೆ ಹೋಗಿದೆ. ಬುಧವಾರಕ್ಕೆ ದೊಡ್ಡಾಸ್ಪತ್ರೇಲಿ ಹೇಳಿಡ್ತೀನಿ."

ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಹೀಗೆ ತಪ್ಪು ಮಾಡಿದ್ದರೆ ನಾನು ಎಷ್ಟು ಕೂಗಾಡುತ್ತಿದ್ದೆ. ಡಾಕ್ಟರಮ್ಮ ದನಿ ಏರಿಸಲೇ ಇಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಏಪ್ರಿಲ್ ೧೦, ಬುಧವಾರ

ಉದ್ದನೆಯ ಕಾರಿಡಾರು, ಎರಡೂ ಕಡೆ ಬೆಂಚು, ತುಂಬ ಹೆಂಗಸರು. ನರ್ಸ್ ಹೊರಗೆ ಬಂದು ನಂಬರು ಕೂಗಿ ನನ್ನ ಹೆಂಡತಿಯ ಕಡೆ ನೋಡಿ "ಬನ್ನಿಮ್ಮಾ" ಎಂದಳು.

"ಪೇಷಂಟು ನಾನು," ಎಂದೆ. ಇಡೀ ಬೆಂಚು ತಲೆ ಎತ್ತಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ನರ್ಸ್ ಇನ್ನೂ ಸ್ವಲ್ಪ ಹೊತ್ತು ಇದೆ ಎಂದು ತಡವರಿಸಿ ಒಳಗೆ ಹೋದಳು. ಪಕ್ಕದಲ್ಲಿದ್ದ ಅಜ್ಜಿ ತನ್ನ ಚೀಲ ತೊಡೆಯ ಮೇಲೆ ಎತ್ತಿಟ್ಟುಕೊಂಡು ಜಾಗ ಮಾಡಿದರು. "ಕೂತ್ಕೊಳ್ಳಪ್ಪ. ನಿಂತ್ಕೊಂಡ್ರೆ ಬೇಗ ಕರೀತಾರಾ? ನಂದು ಆಪರೇಷನ್ ಆಗಿ ಒಂಬತ್ತು ವರ್ಷ ಆಯ್ತು," ಎಂದರು. ಕುಳಿತೆ. ಆಮೇಲೆ ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರಿಗೂ ಅವರವರದೇ ಚಿಂತೆ ಇತ್ತು.

ಎದೆಯನ್ನು ಎರಡು ತಟ್ಟೆಗಳ ನಡುವೆ ಇಟ್ಟು ಒತ್ತಿ ಚಿತ್ರ ತೆಗೆದರು. ನನ್ನದರಲ್ಲಿ ಒತ್ತಲು ಏನಿದೆ ಎಂದುಕೊಂಡಿದ್ದೆ, ಒತ್ತಿದರು. ಸ್ಕ್ಯಾನ್ ಮಾಡಿದರು. ಆಮೇಲೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಎದೆಯಿಂದಲೂ ಕಂಕುಳಿನಿಂದಲೂ ಚೂರು ತೆಗೆದರು. ಪ್ರತಿ ಸಲ ಸ್ಟೇಪ್ಲರ್ ಒತ್ತಿದಂಥ ಸದ್ದು. ಗುರುವಾರ ಬನ್ನಿ ಎಂದರು. ನಾಳೆಯಲ್ಲ, ಮುಂದಿನ ಗುರುವಾರ.

ಏಪ್ರಿಲ್ ೧೫, ಸೋಮವಾರ

ಲೈಬ್ರರಿಯವರು ಎರಡು ಸಲ ಹಾರ್ನ್ ಒತ್ತಿದರು. ಎರಡನೆಯದು ಅಗತ್ಯವಿರಲಿಲ್ಲ, ಆದರೂ "ಶಹಬ್ಬಾಸ್" ಎಂದೆ. ಶನಿವಾರ ಅವರ ಲೈಸೆನ್ಸ್ ಪರೀಕ್ಷೆ. ನಾನು ಬೆಲ್ಟಿನ ಕೆಳಗೆ ಟವೆಲ್ ಮಡಿಚಿಟ್ಟುಕೊಂಡು ಕುಳಿತಿದ್ದೆ. ಮೇಷ್ಟ್ರು ಇವತ್ತೂ ಎಡಕ್ಕೆ ದೀಪ ಹಾಕಿ ಬಲಕ್ಕೆ ತಿರುಗಿಸಿದರು. ಮನಸ್ಸು ಬದಲಾಗುವುದು ಸಹಜ, ಆದರೆ ಹಿಂದಿನ ಗಾಡಿಯವನಿಗೆ ಅದನ್ನು ತಿಳಿಸಬೇಕಲ್ಲ ಸಾರ್ ಎಂದೆ. ಅವರಿಗೆ ನಾನು ಅಣಕಿಸುತ್ತಿದ್ದೇನೆ ಎಂದು ಅನುಮಾನ.

ಸಂಜೆ ತಮ್ಮ ಬಂದಿದ್ದ. "ಏನಣ್ಣ, ಹೆಂಗಸರ ಸಾಲಲ್ಲಿ ಕೂತ್ಕೊಂಡಿದ್ಯಂತೆ?" ಎಂದು ನಕ್ಕ. ಹೆಂಡತಿ ನಗಲಿಲ್ಲ, ನಾನೂ ನಗಲಿಲ್ಲ. ಅವನೂ ಹೆಚ್ಚು ಹೊತ್ತು ಕೂರಲಿಲ್ಲ.

ಏಪ್ರಿಲ್ ೧೮, ಗುರುವಾರ

ಕ್ಯಾನ್ಸರ್. ಒಂದು ಸಲ ಬರೆದಾಯಿತು.

ಆಪರೇಷನ್ ಡಾಕ್ಟರು ಚಿಕ್ಕ ವಯಸ್ಸಿನವರು, ನಿಧಾನವಾಗಿ ಎಲ್ಲ ಹೇಳಿದರು. ಗಡ್ಡೆ ಎರಡು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಕಂಕುಳಿನ ಗ್ರಂಥಿಗೂ ಹೋಗಿದೆ. ಬೇರೆ ಕಡೆ ಹೋಗಿದೆಯೇ ಎಂದು ಸೋಮವಾರ ಇನ್ನೊಂದು ಸ್ಕ್ಯಾನ್, ಆಮೇಲೆ ಆಪರೇಷನ್, ಔಷಧಿ. "ವಾಸಿ ಮಾಡೋ ದೃಷ್ಟಿಯಿಂದಲೇ ಹೊರಟಿದ್ದೀವಿ," ಎಂದರು. ಜನವರಿಯಲ್ಲೇ ಬಂದಿದ್ದರೆ ಕಂಕುಳಿಗೆ ಹೋಗುತ್ತಿರಲಿಲ್ಲವೇ ಎಂದು ಕೇಳಿದೆ. ಅದನ್ನು ಯಾರೂ ಖಂಡಿತವಾಗಿ ಹೇಳಲಾರರು ಎಂದರು. ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಹಿಡಿತಕ್ಕೆ ಬೆರಳು ನೋಯುತ್ತಿತ್ತು, ಬಿಡು ಎನ್ನಲಿಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ನಮ್ಮಪ್ಪನ ತಂಗಿ, ನಮ್ಮ ಅತ್ತೆ, ಎದೆಯ ಹುಣ್ಣಿನಿಂದ ಹೋದರು. ನಾವಾಗ ಚಿಕ್ಕವರು. ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. ಡಾಕ್ಟರು ತಲೆಯಾಡಿಸಿ, ಇದು ಮನೆತನದ ರಕ್ತದಲ್ಲಿ ಬರುವಂಥದ್ದೇ ಎಂದು ಪರೀಕ್ಷೆ ಮಾಡಿಸೋಣ, ಆದರೆ ಒಡಹುಟ್ಟಿದವರಿಗೆ ಇವತ್ತೇ ಹೇಳಿಬಿಡಿ ಎಂದರು.

ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದೆ.

"ಯಾವ ಕಡೆ ಅಣ್ಣ?" ಎಂದ.

"ಎಡಗಡೆ."

"ನಂದು ಬಲಗಡೆ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಯಾವಾಗಿನಿಂದ ಎಂದು ಕೇಳಿದೆ. ಫೆಬ್ರವರಿಯಿಂದ ಎಂದ. ತನ್ನ ಹೆಂಡತಿಗೂ ಹೇಳಿಲ್ಲವಂತೆ. "ತೋರಿಸೋಣ ಅಂತಾನೇ ಇದ್ದೆ ಅಣ್ಣ. ಅಷ್ಟರಲ್ಲಿ ನೀನು ಫೋನ್ ಮಾಡಿ, ಏಟು ಬಿದ್ರೆ ಗಂಟಾಗತ್ತೆ, ತಾನೇ ಕರಗತ್ತೆ ಅಂತ ಡಾಕ್ಟರು ಹೇಳಿದ್ರು ಅಂದ್ಯಲ್ಲ. ನಂಗೂ ದಿನಾ ಪೆಟ್ಟಿಗೆ ತಾಗ್ತಾನೇ ಇರತ್ತೆ. ಅದೇ ಇರಬೇಕು ಅಂತ ಸುಮ್ನಾದೆ."

ಅವನ ಗಂಟು ಏನೂ ಅಲ್ಲದೆಯೂ ಇರಬಹುದು. ಹೆಚ್ಚಿನವು ಏನೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅವನಿಗೂ ಅದನ್ನೇ ಹೇಳಿ, ನಾಳೆ ಬೆಳಿಗ್ಗೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಈ ವಾರ ಲೋಡು ಜಾಸ್ತಿ ಇದೆ ಅಣ್ಣ, ಮುಂದಿನ ವಾರ ನೋಡೋಣ ಎಂದು ಫೋನ್ ಇಟ್ಟುಬಿಟ್ಟ. ಆಮೇಲೆ ನಾಲ್ಕು ಸಲ ಮಾಡಿದೆ, ಎತ್ತುತ್ತಿಲ್ಲ.

ನಾನು ಹೇಳಿದ ಸುಳ್ಳನ್ನು ನನ್ನ ತಮ್ಮ ಒಂದು ತಿಂಗಳಿಂದ ನಂಬಿಕೊಂಡು ಕುಳಿತಿದ್ದಾನೆ. ಅವನ ಮನೆಗೆ ಒಂದು ಗಂಟೆಯ ದಾರಿ. ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಬರೆದದ್ದು ಸಾಕು ಬನ್ನಿ ಎನ್ನುತ್ತಿದ್ದಾಳೆ. ಹೊರಟೆ.